ಜಿಯೊಪಾಲಿಮರ್ ಕಾಂಕ್ರೀಟಿನ ಬಲ ಮತ್ತು ಬಾಳಿಕೆ

ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದಾಗ ಹೊಗೆಯೊಡನೆ ಮೇಲೇರುವ ನವುರಾದ ಬೂದಿಯನ್ನು ಹಿಡಿದು ಶೇಖರಿಸುತ್ತಾರೆ. ತೋರಣಗಲ್ಲಿನಲ್ಲಿ ಅದಿರನ್ನು ಕರಗಿಸುವಾಗ ಊದುಕುಲುಮೆಯಿಂದ ಕಿಟ್ಟವು ಹೊರಬೀಳುತ್ತದೆ. ಇಂತಹ ಹಾರುಬೂದಿ ಮತ್ತು ಕಿಟ್ಟಗಳನ್ನು ಸಿಮೆಂಟಿನೊಡನೆ ಬೆರಸುವ ಪದ್ಧತಿ ಹಳೆಯದು. ಸಿಮೆಂಟನ್ನು ಪೂರ್ತಿಯಾಗಿ ಕೈಬಿಟ್ಟು ಇವುಗಳಿಂದಲೇ ಕಟ್ಟಿದ ಕಾಂಕ್ರೀಟು ಎಷ್ಟು ಭಾರ ಹೊತ್ತೀತು, ಎಷ್ಟು ಕಾಲ ಬಾಳೀತು ಎಂಬುದನ್ನು ಇಲ್ಲಿ ವಿಚಾರ ಮಾಡುತ್ತೇವೆ.

ಪೋರ್ಟ್‌ಲೆಂಡ್ ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಬೇಕು. ಉರುವಲಿನಿಂದಲೂ ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡು ಹೊರಡುತ್ತದೆ. ಮನುಷ್ಯನ ಕಾರ್ಯಗಳಿಂದ ವಾಯುಮಂಡಲವನ್ನು ಸೇರುವ ಈ ಅನಿಲದಲ್ಲಿ ಶೇಕಡ 7ರಿಂದ 8ರಷ್ಟು ಸಿಮೆಂಟಿನದೆಂದು ಅಂದಾಜು. ಈ ಶೋಧನೆಗೆ ಪ್ರೇರಣೆ ಇದೇ.

ಕೀವ್ ನಗರದಲ್ಲಿ ಗ್ಲುಖೋವ್‌ಸ್ಕಿ 1950ರ ದಶಕದಲ್ಲಿಯೇ ಕಿಟ್ಟವನ್ನು ಕ್ಷಾರದಿಂದ ಗಟ್ಟಿಗೊಳಿಸುವ ಕಾರ್ಯವನ್ನು ಕೈಗೊಂಡಿದ್ದರು. ಜಿಯೊಪಾಲಿಮರ್ ಎಂಬ ಹೆಸರನ್ನು 1970ರ ದಶಕದಲ್ಲಿ ಇಟ್ಟವರು ಫ್ರಾನ್ಸಿನ ಡೇವಿಡೋವಿಟ್ಸ್. ಬೂದಿಯಲ್ಲಿರುವ ಗಾಜಿನಂತಹ ಸಿಲಿಕ ಮತ್ತು ಅಲ್ಯೂಮಿನಗಳು ಸೋಡಿಯಂ ಹೈಡ್ರಾಕ್ಸೈಡು ಹಾಗೂ ಸೋಡಿಯಂ ಸಿಲಿಕೇಟುಗಳ ದ್ರಾವಣದಲ್ಲಿ ಕರಗಿ, ಪುನಃ ಒಂದಕ್ಕೊಂದು ಹೆಣೆದುಕೊಂಡು ಜಲ್ಲಿ ಮರಳುಗಳನ್ನು ಬಿಗಿಯುತ್ತವೆ. ಸಿಮೆಂಟಿನಲ್ಲಿ ನೀರು ಬಂಧದ್ರವ್ಯದ ಅಂಗವಾಗುತ್ತದೆ. ಇಲ್ಲಿ ಅದು ಬಹುಮಟ್ಟಿಗೆ ವಾಹಕ ಮಾತ್ರ.

ಬಲದ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸುಣ್ಣದ ಅಂಶ ಕಡಮೆಯಿರುವ ಬೂದಿಯ ಕಾಂಕ್ರೀಟನ್ನು 60 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ 40 ಮೆಗಾಪಾಸ್ಕಲಿಗೂ ಮೀರಿದ ಒತ್ತಡವನ್ನು ತಾಳುವಂತೆ ಮಾಡಬಹುದು. ಅನಂತರದ ಏರಿಕೆ ಅಲ್ಪ. ಶಾಖ ಕೊಡದಿದ್ದರೆ ಅದು ಬಹು ನಿಧಾನವಾಗಿ ಗಟ್ಟಿಯಾಗುತ್ತದೆ, ರಾಯಚೂರಿನ ಬೇಸಗೆಯೂ 60 ಡಿಗ್ರಿಯನ್ನು ಮುಟ್ಟದಷ್ಟೆ! ಬೂದಿಗೆ ಕಿಟ್ಟವನ್ನು ಕೂಡಿಸಿದಲ್ಲಿ ಸಾಧಾರಣ ಉಷ್ಣತೆಯೇ ಸಾಕು.

ನಿಜವಾದ ತೊಡಕಿರುವುದು ಬಾಳಿಕೆಯ ಪರೀಕ್ಷೆಯಲ್ಲಿ. ಸಲ್ಫೇಟುಳ್ಳ ನೆಲದಲ್ಲಿ ಸಿಮೆಂಟಿನ ಕಾಂಕ್ರೀಟು ಉಬ್ಬಿ ಬಿರಿಯುವುದಕ್ಕೆ ಕಾರಣ ಅದರೊಳಗಿನ ಸುಣ್ಣ ಮತ್ತು ಕ್ಯಾಲ್ಸಿಯಂ ಅಲ್ಯೂಮಿನೇಟುಗಳು. ಬೂದಿಯ ಕಾಂಕ್ರೀಟಿನಲ್ಲಿ ಇವು ಅತ್ಯಲ್ಪವಾದುದರಿಂದ ಆ ಭಯ ಕಡಮೆ. ಆದರೆ ಒಳಗಿನ ಉಕ್ಕಿನ ಕಂಬಿಯನ್ನು ತುಕ್ಕಿನಿಂದ ಕಾಯುವುದು ಕ್ಷಾರಗುಣ. ಗಾಳಿಯ ಇಂಗಾಲದ ಡೈಆಕ್ಸೈಡು ಒಳಹೊಕ್ಕು ಅದನ್ನು ಕುಂದಿಸುತ್ತದೆ. ಸಿಮೆಂಟಿನಲ್ಲಿ ಈ ನಷ್ಟವನ್ನು ತುಂಬಿಕೊಡಲು ಸುಣ್ಣದ ದಾಸ್ತಾನಿದೆ, ಇಲ್ಲಿ ಇಲ್ಲ. ಆದುದರಿಂದಲೇ ಪ್ರಯೋಗಶಾಲೆಯ ಪೆಟ್ಟಿಗೆಗಳಲ್ಲಿ ಇದರ ಫಲಿತಾಂಶ ಹಲವೊಮ್ಮೆ ನಿರಾಶಾದಾಯಕವಾಗಿದೆ.

ಆದರೆ ಆ ಪೆಟ್ಟಿಗೆಯನ್ನು ಎಷ್ಟು ನಂಬಬಹುದು? ಹೊರಗಿನ ಗಾಳಿಯಲ್ಲಿ ಈ ಅನಿಲವು ಶೇಕಡ 0.04ರಷ್ಟಿದ್ದರೆ, ಕಾಲವನ್ನು ಉಳಿಸಲೆಂದು ಪೆಟ್ಟಿಗೆಯಲ್ಲಿ ಅದನ್ನು ನೂರು ಪಟ್ಟು ಹೆಚ್ಚಿಸುವುದುಂಟು. ಸ್ವಾಭಾವಿಕ ಗಾಳಿಯಲ್ಲಿ ರಂಧ್ರಗಳೊಳಗಿನ ಸೋಡಿಯಂ ಬಹುಮಟ್ಟಿಗೆ ಕಾರ್ಬೊನೇಟಾಗಿ, ದ್ರಾವಣದ ಕ್ಷಾರಗುಣ ತಕ್ಕಮಟ್ಟಿಗೆ ಉಳಿಯುತ್ತದೆ. ಪೆಟ್ಟಿಗೆಯಲ್ಲಿ ಅದು ಬೈಕಾರ್ಬೊನೇಟಾಗಿ ಕ್ಷಾರಗುಣ ಇನ್ನೂ ಕೆಳಗಿಳಿಯುತ್ತದೆ. ಎಂದರೆ ಪರೀಕ್ಷೆಯು ಕಾಲವನ್ನು ಮಾತ್ರ ಮೊಟಕುಗೊಳಿಸದೆ ರಾಸಾಯನಿಕ ಕ್ರಿಯೆಯನ್ನೇ ಬದಲಿಸಿಬಿಡುತ್ತದೆ. ಕ್ಲೋರೈಡಿನ ಪರೀಕ್ಷೆಯಲ್ಲಿಯೂ ಇಂತಹುದೇ ದೋಷವಿದೆ. 60 ವೋಲ್ಟುಗಳಲ್ಲಿ 6 ಗಂಟೆ ವಿದ್ಯುತ್ತನ್ನು ಹಾಯಿಸಿ ಅಳೆದಾಗ, ರಂಧ್ರಜಲದಲ್ಲಿರುವ ಸೋಡಿಯಂ ಮೊದಲಾದ ಅಯಾನುಗಳು ಒಯ್ದ ವಿದ್ಯುತ್ತೂ ಕ್ಲೋರೈಡಿನ ಲೆಕ್ಕಕ್ಕೆ ಬೀಳುತ್ತದೆ. ಸಿಮೆಂಟಿಗಾಗಿ ಹೊಲಿದ ಅಂಗಿಯನ್ನು ಇದಕ್ಕೆ ತೊಡಿಸಿ, ಮೈಗೆ ಒಪ್ಪದೆಂದು ದೂರಿದಂತಾಯಿತು.

ಇದನ್ನು ಹೇಳುವಾಗ ಹೊಸ ಪದಾರ್ಥದ ಪರವಾಗಿ ವಕಾಲತ್ತು ವಹಿಸುವುದು ನಮ್ಮ ಇಚ್ಛೆಯಲ್ಲ. ಕ್ಷಾರ ಮಿತಿಮೀರಿದರೆ ಮೇಲ್ಮೈಯಲ್ಲಿ ಬಿಳಿಯ ಉಪ್ಪು ಹೂಬಿಡುತ್ತದೆ. ಬೂದಿಯ ಗುಣವು ಸ್ಥಾವರದಿಂದ ಸ್ಥಾವರಕ್ಕೆ, ಕಲ್ಲಿದ್ದಲಿನಿಂದ ಕಲ್ಲಿದ್ದಲಿಗೆ ಬೇರೆಯಾಗುತ್ತದೆ. ಆದರೂ ಉಕ್ರೇನಿನಲ್ಲಿ 1960ರ ದಶಕದಿಂದ ಕಿಟ್ಟ ಮತ್ತು ಕ್ಷಾರಗಳಿಂದ ಕಟ್ಟಿದ ರಚನೆಗಳ ಮಾದರಿಗಳನ್ನು ದಶಕಗಳ ತರುವಾಯ ಪರೀಕ್ಷಿಸಿದಾಗ ಬಂಧವು ಸುಸ್ಥಿತಿಯಲ್ಲಿದ್ದುದು ಕಂಡುಬಂದಿದೆ. ಆಸ್ಟ್ರೇಲಿಯದ ಟೂವೂಂಬದ ಬಳಿ 2014ರಲ್ಲಿ ತೆರೆದ ವಿಮಾನ ನಿಲ್ದಾಣಕ್ಕೆ ಸುಮಾರು 40,000 ಘನಮೀಟರು ಜಿಯೊಪಾಲಿಮರ್ ಕಾಂಕ್ರೀಟನ್ನು ಬಳಸಿದರು. ನಮ್ಮ ದೇಶದಲ್ಲಿ 2020ರ ಭಾರತೀಯ ಮಾನಕವೊಂದು, ಐ.ಎಸ್. 17452, ಕಾರ್ಖಾನೆಯಲ್ಲಿ ಮೊದಲೇ ಎರಕ ಹೊಯ್ಯುವ ವಸ್ತುಗಳಿಗೆ ಇದರ ಮಾರ್ಗದರ್ಶನವನ್ನು ನೀಡಿದೆ. ಕಟುವಾದ ಕ್ಷಾರದ್ರಾವಣವನ್ನು ಬರಿಗೈಯ ಕೂಲಿಗಾರರಿಗೆ ಒಪ್ಪಿಸಲಾಗದಾದುದರಿಂದ ಕಾರ್ಖಾನೆಯೇ ಅದಕ್ಕೆ ತಕ್ಕ ಎಡೆ.

ಈ ವಿಷಯವನ್ನು ಕೈಗೊಳ್ಳುವ ವಿದ್ಯಾರ್ಥಿಗಳಿಗೆ ನಮ್ಮದೊಂದು ಸಲಹೆ: ಎರಕದ ಘನಗಳಲ್ಲಿ ಅರ್ಧವನ್ನು ಪೆಟ್ಟಿಗೆಯಲ್ಲಿಟ್ಟರೆ ಉಳಿದರ್ಧವನ್ನು ಕಾಲೇಜಿನ ಸೂರಿನಡಿ, ಮಳೆ ತಾಕದ ಗಾಳಿಯಲ್ಲಿಡಬೇಕು. ವರ್ಷಕ್ಕೊಮ್ಮೆ ಒಂದನ್ನು ಸೀಳಿ, ಫಿನಾಲ್ಫ್ತಲೀನನ್ನು ಸಿಂಪಡಿಸಿ, ಬಣ್ಣವೇರದ ಅಂಚಿನ ಅಗಲವನ್ನು ಅಳೆದು ಬರೆದಿಡಬೇಕು. ಪದವಿಯ ಅವಧಿ ಇದಕ್ಕೆ ಸಾಲದು; ಪುಸ್ತಕವನ್ನು ಮುಂದಿನ ತರಗತಿಯವರಿಗೆ ಒಪ್ಪಿಸಿ ಹೋಗಬೇಕಾಗುತ್ತದೆ.