ಹಿತ್ತಾಳೆ ಹೊಳೆದರೆ ಸಾಕಾ? ಖಾಲಿ ಕಾಡತೂಸು ಕಲಿಸುವ ಪಾಠ

ಗುಂಡು ಹಾರಿದ ಮೇಲೆ ಒಂದು ಹಿತ್ತಾಳೆ ಕೇಸ್ ಉಳಿಯುತ್ತಲ್ಲ, ಇವತ್ತು ಅದರ ಬಗ್ಗೆ ಮಾತಾಡೋಣ.

ಅಮೆರಿಕದಲ್ಲಿ ಹವ್ಯಾಸಿ ಗುರಿಕಾರರು ಸೈನ್ಯ ಬಳಸಿದ ಕೇಸ್‌ಗಳನ್ನು ಕೊಂಡು, ತೊಳೆದು, ಮತ್ತೆ ತುಂಬಿ ಬಳಸುತ್ತಾರೆ. ಇದಕ್ಕೆ ರೀಲೋಡಿಂಗ್ ಅಂತಾರೆ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋ ಹಾಗಿಲ್ಲ. ಹಾಗಾಗಿ ಇದು ಮಾಡಿ ನೋಡುವ ಪಾಠ ಅಲ್ಲ, ಲೋಹದ ಪಾಠ.

ಆ ಗುರಿಕಾರರಲ್ಲಿ ಒಂದು ನಿಯಮ ಇದೆ: ಅಮೋನಿಯಾ ಇರುವ ಕ್ಲೀನರ್‌ನಲ್ಲಿ ಕೇಸ್ ತೊಳೆಯಬೇಡಿ. ಯಾಕೆ? ಉತ್ತರ ಸಿಕ್ಕಿದ್ದು ನಮ್ಮ ದೇಶದ ಕುದುರೆ ಲಾಯಗಳಲ್ಲಿ!

ಬ್ರಿಟಿಷರ ಕಾಲದಲ್ಲಿ ಸೈನ್ಯದವರು ಮಳೆಗಾಲದಲ್ಲಿ ಕಾಡತೂಸುಗಳನ್ನು ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದು ನೋಡಿದರೆ ಹಿತ್ತಾಳೆ ಸೀಳಿರುತ್ತಿತ್ತು. ಯಾರೂ ಮುಟ್ಟಿಲ್ಲ, ಬಡಿದಿಲ್ಲ. ಮಳೆಗಾಲಕ್ಕೇ ಬರುವ ರೋಗ ಅಂತ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಅನ್ನೋ ಹೆಸರೇ ಬಿತ್ತು. ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಅನ್ನುವವರು 1921ರಲ್ಲಿ ಕಾರಣ ವಿವರಿಸಿದರು: ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಜೊತೆಗೆ ಲೋಹದೊಳಗೇ ಉಳಿದ ಬಿಗಿತ.

ಬಿಗಿತ ಎಲ್ಲಿಂದ ಬಂತು? ಕೇಸ್‌ನ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಬಟ್ಟಲಿನಂಥ ತುಂಡನ್ನು ಒತ್ತಿ ಒತ್ತಿ ಕೊಳವೆಯಾಗಿ ಎಳೆಯುತ್ತಾರೆ. ಎಳೆದಷ್ಟೂ ಲೋಹ ಗಟ್ಟಿಯಾಗುತ್ತೆ, ಒಳಗೆ ಸೆಳೆತ ಉಳಿದುಬಿಡುತ್ತೆ. ತೇವದ ಜೊತೆ ಅಮೋನಿಯಾ ಸೇರಿದರೆ ತಾಮ್ರವನ್ನು ಸಂದುಸಂದಲ್ಲಿ ತಿನ್ನುತ್ತೆ, ಸೆಳೆತ ಬಿರುಕನ್ನು ಅಗಲ ಮಾಡುತ್ತೆ. ಪರಿಹಾರ ಸರಳ: ಹದವಾಗಿ ಕಾಯಿಸಿದರೆ ಬಿಗಿತ ಸಡಿಲವಾಗುತ್ತೆ.

ಸೈನ್ಯದ ಕೇಸ್‌ನ ಕತ್ತಿನ ಹತ್ತಿರ ಕಾಣುವ ನೀಲಿ-ಕಂದು ಛಾಯೆ ಕೊಳೆ ಅಲ್ಲ, ಹಾಗೆ ಕಾಯಿಸಿದ ಗುರುತು. ಕತ್ತು ಮೆದುವಾಗಿರಬೇಕು, ತಳ ಮಾತ್ರ ಗಟ್ಟಿಯಾಗೇ ಇರಬೇಕು, ಸ್ಫೋಟದ ಒತ್ತಡ ತಡೆಯೋದು ಅದೇ. ಪೂರ್ತಿ ಕೇಸ್ ಕೆಂಪಗೆ ಕಾಯಿಸಿದರೆ ತಳವೂ ಮೆದುವಾಗಿ, ಹಾರಿಸುವವನ ಮುಖದ ಪಕ್ಕದಲ್ಲೇ ಒಡೆಯಬಹುದು. ಪ್ರತಿ ಸಲ ಹಾರಿಸಿದಾಗ ಹಿತ್ತಾಳೆ ಹಿಗ್ಗಿ ಮತ್ತೆ ಗಟ್ಟಿಯಾಗುತ್ತೆ. ಅದಕ್ಕೇ ಅನುಭವಸ್ಥರು ಹೊಳಪು ನೋಡಲ್ಲ, ಮೊದಲು ಬಿರುಕು ಹುಡುಕುತ್ತಾರೆ.

ನಮ್ಮ ಮನೆಯಲ್ಲೂ ಬಡಿದು ಮಾಡಿದ ಹಿತ್ತಾಳೆ ತಂಬಿಗೆ ಇರುತ್ತಲ್ಲ? ಗಾಜು ಒರೆಸುವ ಅಮೋನಿಯಾ ದ್ರಾವಣ ಅದಕ್ಕೆ ಬೇಡ. ಅಜ್ಜಿಯ ಹುಣಸೆಹಣ್ಣೇ ಸಾಕು.