ಅಗ್ಗದ ಗುಳಿಗೆಯ ದುಬಾರಿ ಲೆಕ್ಕ

ಜೇವರ್ಗಿ ತಾಲ್ಲೂಕಿನ ಕೊಳಕೂರದಂತಹ ಊರಿನಲ್ಲಿ ಕೂಲಿಕಾರನೊಬ್ಬನಿಗೆ ಭೇದಿ ಹತ್ತಿದರೆ ಅವನ ಮುಂದೆ ಎರಡು ದಾರಿಗಳಿವೆ. ದಿನದ ಕೂಲಿ ಬಿಟ್ಟು ಆಸ್ಪತ್ರೆಯ ಸರದಿಯಲ್ಲಿ ನಿಲ್ಲುವುದು ಒಂದು. ಔಷಧಿ ಅಂಗಡಿಯಲ್ಲಿ ನಾಲ್ಕು ಗುಳಿಗೆ ಕೊಂಡು ಹೊಲಕ್ಕೆ ನಡೆಯುವುದು ಇನ್ನೊಂದು. ಎರಡನೆಯದನ್ನು ಆರಿಸಿಕೊಂಡವನನ್ನು ಅಜ್ಞಾನಿಯೆಂದು ಜರಿಯುವುದು ಸುಲಭ. ಆದರೆ ಅವನ ಮಟ್ಟಿಗೆ ಅದು ಸರಿಯಾದ ಲೆಕ್ಕವೇ. ದೋಷವಿರುವುದು ಆ ಲೆಕ್ಕದಲ್ಲಿ ಕಾಣಿಸದ ಬಾಬತ್ತುಗಳಲ್ಲಿ.

ಮೊದಲ ಬಾಬತ್ತು ಕರುಳಿನದು. ಭೇದಿಗೆ, ಅದರಲ್ಲೂ ಮಕ್ಕಳ ಭೇದಿಗೆ, ಅನೇಕ ವೇಳೆ ವೈರಸ್ ಕಾರಣ. ವೈರಸ್ಸಿನ ಮೇಲೆ ಪ್ರತಿಜೀವಕಗಳು, ಅಂದರೆ ಆ್ಯಂಟಿಬಯೋಟಿಕ್ ಔಷಧಿಗಳು, ಏನನ್ನೂ ಮಾಡಲಾರವು. ಅವು ಕೊಲ್ಲುವುದು ಪಚನಕ್ಕೆ ನೆರವಾಗುವ, ಕೆಡುಕಿನ ಜೀವಾಣುಗಳನ್ನು ಹದ್ದಿನಲ್ಲಿಡುವ ನಮ್ಮದೇ ಜೀವಾಣುಗಳನ್ನು. ಹೀಗಾಗಿ ಹೊಟ್ಟೆ ನಿಲ್ಲಲೆಂದು ನುಂಗಿದ ಗುಳಿಗೆಯೇ ಹೊಟ್ಟೆ ಕೆಡಿಸುವುದುಂಟು. ಬಹುತೇಕ ಇಂತಹ ಸಂದರ್ಭಗಳಲ್ಲಿ ಬೇಕಾದದ್ದು ಓಆರ್‌ಎಸ್ ದ್ರಾವಣ, ಮಕ್ಕಳಿಗೆ ಜೊತೆಯಲ್ಲಿ ಸತುವಿನ ಗುಳಿಗೆ.

ಎರಡನೆಯದು ಚರ್ಮದ್ದು. ಬೇಸಿಗೆಯ ಬೆವರಿನಲ್ಲಿ ಗಜಕರ್ಣವಾದವನಿಗೆ ಸ್ಟೆರಾಯ್ಡ್, ಪ್ರತಿಜೀವಕ ಮತ್ತು ಶಿಲೀಂಧ್ರನಾಶಕ ಬೆರೆಸಿದ ಮುಲಾಮು ಸಿಕ್ಕರೆ ಎರಡು ದಿನ ತುರಿಕೆ ಅಡಗುತ್ತದೆ. ಸ್ಟೆರಾಯ್ಡ್ ರೋಗವನ್ನು ಮರೆಮಾಚುತ್ತದೆ. ಒಳಗೆ ಶಿಲೀಂಧ್ರ ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ. ಇಂತಹ ಕೆಲವು ಮಿಶ್ರಣಗಳೂ ಸೇರಿದಂತೆ 328 ಸಂಯುಕ್ತ ಔಷಧಿಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ನಿಷೇಧಿಸಿತು. ನುಂಗುವ ಔಷಧಿಗಳೂ ಚರ್ಮಕ್ಕೆ ಅಪಾಯ ತರಬಲ್ಲವು. ಡಾಕ್ಸಿಸೈಕ್ಲಿನ್ ಸೇವಿಸುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಕಲಬುರಗಿಯ ಬಿಸಿಲಿನಲ್ಲಿ ದುಡಿಯುವವರಿಗೆ ಇದು ಸಣ್ಣ ಮಾತಲ್ಲ.

ಮೂರನೆಯ ಬಾಬತ್ತು ನೆರೆಯವರ ತಲೆಗೆ ಬೀಳುತ್ತದೆ. ತೊಗರಿ ಬೆಳೆಯುವ ನಾಡಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಣ್ಣೆ ಹೊಡೆದಂತೆಲ್ಲ ಬಡ ಹುಳುಗಳು ಸತ್ತು, ಎಣ್ಣೆಗೆ ಜಗ್ಗದ ಕಾಯಿಕೊರಕದ ಸಂತತಿ ಬೆಳೆದದ್ದನ್ನು ರೈತರು ಕಂಡಿದ್ದಾರೆ. ರೋಗಾಣುಗಳ ರೀತಿಯೂ ಅದೇ. ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಅರೆಬರೆ ಪ್ರಮಾಣದ ಅಪಾಯವನ್ನು ಎಚ್ಚರಿಸಿದ್ದರು. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕುಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ತಜ್ಞರ ಅಂದಾಜು.

ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯ ಪ್ರಕಾರ ಕೆಲವು ಪ್ರಬಲ ಪ್ರತಿಜೀವಕಗಳನ್ನು ಮಾರುವಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಪಿಡಬೇಕು. ವಹಿಗಳನ್ನು ತೆರೆದು ನೋಡುವ ಅಧಿಕಾರಿ ಬಂದಾಗ ಮಾತ್ರ ಇಂತಹ ನಿಯಮಗಳಿಗೆ ಜೀವ ಬರುತ್ತದೆ. ಚೀಟಿಯಿಲ್ಲದ ಮಾರಾಟ ತಡೆಯಲು ಕೇರಳ 2024ರಲ್ಲಿ ‘ಆಪರೇಷನ್ ಅಮೃತ್’ ಹೆಸರಿನ ತಪಾಸಣೆ ಕೈಗೊಂಡಿತು. ನಮ್ಮಲ್ಲಿಯೂ ಅಂತಹ ಇಚ್ಛಾಶಕ್ತಿ ಬೇಕು.

ಆದರೆ ಅಂಗಡಿಯ ಬಾಗಿಲನ್ನಷ್ಟೇ ಬಿಗಿಗೊಳಿಸಿದರೆ ಬಡವನ ವೆಚ್ಚ ಏರುತ್ತದೆಯೇ ಹೊರತು ರೋಗ ಇಳಿಯದು. ಕೂಲಿ ಮುಗಿಸಿ ಬಂದವನಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಂಜೆ ವೈದ್ಯರು ಸಿಗಬೇಕು; ಆಶಾ ಕಾರ್ಯಕರ್ತೆಯ ಚೀಲದಲ್ಲಿ ಓಆರ್‌ಎಸ್ ಎಂದೂ ಬರಿದಾಗಬಾರದು. ಇನ್ನು ಓದಿಕೊಂಡ ನಾವು, ನೆಗಡಿಗೂ ‘ಪವರ್ ಜಾಸ್ತಿ’ ಇರುವ ಗುಳಿಗೆ ಬರೆಯಿರೆಂದು ವೈದ್ಯರನ್ನು ಒತ್ತಾಯಿಸುವುದನ್ನು ಬಿಡಬೇಕು. ಕೂಲಿಕಾರನಿಗೆ ಒಂದು ದಿನದ ಕೂಲಿಯ ಸಬೂಬಾದರೂ ಇದೆ. ನಮಗೆ ಅದೂ ಇಲ್ಲ.