ಅರ್ಹತೆಯ ಪಟ್ಟಿ ಮತ್ತು ಖಾಲಿ ಕುರ್ಚಿ

ಲೆಕ್ಕ ಸಹಾಯಕರ ಹುದ್ದೆಗೆ ಸಣ್ಣ ಉದ್ದಿಮೆದಾರರು ನೀಡುವ ಜಾಹೀರಾತುಗಳಲ್ಲಿ ಬಿ.ಕಾಂ. ಪದವಿ, ಟ್ಯಾಲಿ ಜ್ಞಾನ, ಜಿಎಸ್‌ಟಿಯಲ್ಲಿ ಐದು ವರ್ಷಗಳ ಅನುಭವ, ಸ್ವಂತ ದ್ವಿಚಕ್ರ ವಾಹನ ಎಲ್ಲವನ್ನೂ ಕೇಳಲಾಗುತ್ತದೆ. ವೇತನ ಮಾತ್ರ ಹೊಸಬರದು. ಸಹಜವಾಗಿಯೇ ಹುದ್ದೆ ತಿಂಗಳುಗಟ್ಟಲೆ ಖಾಲಿ ಉಳಿಯುತ್ತದೆ.

ಖಾಲಿ ಕುರ್ಚಿಗೂ ಖರ್ಚುಂಟು. ಮಾಸಿಕ ವಿವರ ಸಲ್ಲಿಸುವವರು ಜಿಎಸ್‌ಟಿಆರ್-1 ಅನ್ನು ಮುಂದಿನ ತಿಂಗಳ 11ರೊಳಗೆ, 3ಬಿಯನ್ನು 20ರೊಳಗೆ ಸಲ್ಲಿಸತಕ್ಕದ್ದು. ತಡವಾದಲ್ಲಿ ವಿಳಂಬ ಶುಲ್ಕದ ಜೊತೆಗೆ ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ ಬೀಳುತ್ತದೆ. ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಜಿಎಸ್‌ಟಿಆರ್-1ರಲ್ಲಿ ನಮೂದಾಗದ ಬಿಲ್ಲಿಗೆ ಖರೀದಿದಾರನಿಗೆ ಇನ್‌ಪುಟ್ ಕ್ರೆಡಿಟ್ ದೊರೆಯದು. ಅವನು ಹಣವನ್ನೇ ತಡೆಹಿಡಿಯುತ್ತಾನೆ.

ಬಿಲ್ಲು ನಮೂದಿಸುವುದು, 2ಬಿಯೊಡನೆ ಖರೀದಿ ತಾಳೆ ನೋಡುವುದು ಇವನ್ನು ಪಿಯುಸಿಯಲ್ಲಿ ವಾಣಿಜ್ಯ ಓದಿದವರೂ ಕೆಲವು ತಿಂಗಳಲ್ಲಿ ಕಲಿಯಬಲ್ಲರು. ಕಲಿಸಲು ಕಷ್ಟವಾದದ್ದು ಅಂಕಿಗಳ ಮೇಲಿನ ನಿಗಾ. ಸಂದರ್ಶನದಲ್ಲಿ ಒಂದು ದಿನದ ಬಿಲ್ಲುಗಳನ್ನು ಕೊಟ್ಟು ಖರೀದಿ ಪುಸ್ತಕ ಬರೆಸಿದರೆ ಅದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಕೆಲಸದ ವೇಳೆಯನ್ನು ತುಸು ಸಡಿಲಿಸಿದಲ್ಲಿ, ಮಕ್ಕಳ ಪಾಲನೆಗಾಗಿ ಕೆಲಸ ಬಿಟ್ಟಿದ್ದ ಅನುಭವಿ ಮಹಿಳೆಯರೂ ಮುಂದೆ ಬಂದಾರು.

ಎಲ್ಲೆಡೆ ಈ ರಿಯಾಯಿತಿ ಸಲ್ಲದು. ಬಾಯ್ಲರ್ ನಡೆಸುವವರಿಗೆ ಪ್ರಮಾಣಪತ್ರ ಕಾನೂನಿನ ಕಡ್ಡಾಯ. ಲೆಕ್ಕದ ಕೋಣೆಯಲ್ಲಿಯೂ ಹೊಸಬರ ಕೈಗೆ ಬ್ಯಾಂಕಿನ ಪಾಸ್‌ವರ್ಡ್ ಕೊಡಲಾಗದು. ಮೊದಲ ಆರು ತಿಂಗಳು ಪ್ರತಿ 3ಬಿಯನ್ನೂ ಸಲ್ಲಿಕೆಗೆ ಮುನ್ನ ಮಾಲೀಕರೇ ಕೂತು ನೋಡಬೇಕಾಗುತ್ತದೆ.